ದರ್ಪಣದ ಜೀರ್ಣೋದ್ಧಾರ

ನಮ್ಮ ನಾಡಿನ ಶಾಸನಗಳನ್ನು ಓದುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಚಿರಪರಿಚಿತವಾದುದು. ಅರಸನಾಗಲಿ, ದಂಡನಾಯಕನಾಗಲಿ, ಊರ ಮಹಾಜನರಾಗಲಿ ದೇವಾಲಯವೊಂದಕ್ಕೆ ಭೂಮಿಯನ್ನು ದತ್ತಿಬಿಡುವಾಗ, ದೇವರ ಅಂಗಭೋಗ ರಂಗಭೋಗಗಳಿಗೆಂದೂ ನಂದಾದೀವಿಗೆಗೆಂದೂ ತಪೋಧನರ ಆಹಾರದಾನಕ್ಕೆಂದೂ ಹೇಳಿದ ಮೇಲೆ, ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವ ಕಾರ್ಯಕ್ಕೂ ಅದು ಸಲ್ಲತಕ್ಕದ್ದೆಂದು ಕಲ್ಲಿನಲ್ಲಿ ಬರೆಯಿಸುವುದನ್ನು ಅವರು ಮರೆಯುತ್ತಿರಲಿಲ್ಲ. ಕಟ್ಟಡವು ಹೊಸತಾಗಿರುವಾಗಲೇ ಅದು ಹಳತಾಗುವ ದಿನಕ್ಕೆಂದು ಗದ್ದೆಯೊಂದನ್ನು ತೆಗೆದಿಡುತ್ತಿದ್ದ ಈ ಪದ್ಧತಿಯ ವಿವರವನ್ನು ನಾನು ಇಲ್ಲಿ ಹೇಳಹೊರಟಿಲ್ಲ. ಆಕಾಶದ ಛಾಯಾಚಿತ್ರಗಳನ್ನು ತೆಗೆಯುವ ಉಪಕರಣಗಳ ಚರಿತ್ರೆಯನ್ನು ಓದುತ್ತಿದ್ದಾಗ ಆ ಮಾತು ಮತ್ತೆ ಮತ್ತೆ ನೆನಪಿಗೆ ಬಂದಿತು, ಅಷ್ಟೆ. ಕೈಯಲ್ಲಿರುವ ಯಂತ್ರವನ್ನು ಒರಸಿ, ತಿದ್ದಿ, ಸವೆದ ಭಾಗವನ್ನು ಬದಲಿಸಿ ಉಳಿಸಿಕೊಳ್ಳುವುದೋ, ಅದನ್ನು ಮಾರಿ ಇನ್ನೂ ದೊಡ್ಡದನ್ನು ತರುವುದೋ ಎಂಬ ಪ್ರಶ್ನೆಯು ಆ ವಿದ್ಯೆಯು ಹುಟ್ಟಿದಂದಿನಿಂದಲೂ ಅದರ ಉಪಾಸಕರನ್ನು ಕಾಡುತ್ತಲೇ ಬಂದಿದೆ.

ಈ ಪ್ರಶ್ನೆಯ ಬೇರು ಇರುವುದು ದರ್ಪಣದ ಮೈಯಲ್ಲಿ. ನ್ಯೂಟನ್ನನ ಕಾಲದಿಂದ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ದೂರದರ್ಶಕದ ದರ್ಪಣವೆಂದರೆ ತಾಮ್ರ ತವರಗಳನ್ನು ಬೆರೆಸಿ ಎರಕ ಹೊಯ್ದ ಲೋಹದ ಬಿಲ್ಲೆ. ತೇವದ ಗಾಳಿ ತಾಕಿ ಅದು ಮಂಕಾದಾಗ ಮತ್ತೆ ಉಜ್ಜಿ ಮೆರುಗು ಕೊಡಬೇಕಾಗುತ್ತಿತ್ತು. ಉಜ್ಜಿದಾಗಲೆಲ್ಲ, ಕೂದಲಿನ ದಪ್ಪದ ಸಾವಿರದೊಂದು ಪಾಲಿನಷ್ಟು ಸೂಕ್ಷ್ಮವಾಗಿ ತಿದ್ದಿದ ಅದರ ವಕ್ರತೆಯು ಕೆಟ್ಟುಹೋಗುವ ಭಯವಿದ್ದುದರಿಂದ, ದರ್ಪಣವನ್ನು ಶುಚಿಮಾಡುವುದೆಂದರೆ ಅದನ್ನು ಎರಡನೆಯ ಸಲ ಸೃಷ್ಟಿಸಿದಂತೆಯೇ ಆಗುತ್ತಿತ್ತು. 1856-57ರ ವೇಳೆಗೆ ಮ್ಯೂನಿಕ್ಕಿನ ಸ್ಟೈನ್‌ಹೈಲನೂ ಪ್ಯಾರಿಸಿನ ಫೂಕೋ ಎಂಬುವನೂ, ಲೀಬಿಗ್ ಎಂಬ ರಸಾಯನಶಾಸ್ತ್ರಜ್ಞನು ತೋರಿದ ಮಾರ್ಗವನ್ನು ಹಿಡಿದು, ಗಾಜಿನ ಮೇಲೆ ಬೆಳ್ಳಿಯ ತೆಳುವಾದ ಪೊರೆಯನ್ನು ಕೂರಿಸಿದ ದರ್ಪಣಗಳನ್ನು ದೂರದರ್ಶಕಕ್ಕೆ ಅಳವಡಿಸಿದರು. ಬೆಳ್ಳಿಯು ಕಪ್ಪಾದರೆ ಆಮ್ಲದಿಂದ ಅದನ್ನು ತೊಳೆದು ತೆಗೆಯಬಹುದು. ಕೆಳಗಿನ ಗಾಜು ಮೊದಲಿದ್ದಂತೆಯೇ ಇರುತ್ತದೆ. ಅದರ ಮೇಲೆ ಮತ್ತೆ ಬೆಳ್ಳಿಯನ್ನು ಹೊದಿಸಬಹುದು. ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಪಾತ್ರೆಯು ಅಜ್ಜಿಯ ಕಾಲದ್ದು, ಕಲಾಯಿ ಮಾತ್ರ ಈ ವರ್ಷದ್ದು.

ಈ ಬೆಳ್ಳಿಯ ಕಲಾಯಿಯು ಕಲಾಯಿಗಾರನ ಕೆಲಸಕ್ಕಿಂತ ಕಡಿಮೆ ರಮ್ಯವಾದುದೇನೂ ಅಲ್ಲ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿದ್ದ ಬ್ರಷಿಯರ್ ಎಂಬ ಕುಶಲಕರ್ಮಿಯ ವಿಧಾನವು ಬಹುಕಾಲ ಪ್ರಚಾರದಲ್ಲಿದ್ದಿತು. ಅದರಲ್ಲಿ ಬೆಳ್ಳಿಯ ಲವಣಕ್ಕೆ ಅಮೋನಿಯವನ್ನೂ ಕ್ಷಾರವನ್ನೂ ಕೂಡಿಸಿದ ದ್ರಾವಣ ಒಂದು. ಭಟ್ಟಿಯಿಳಿಸಿದ ನೀರಿನಲ್ಲಿ ಕರಗಿಸಿ, ತುಸು ನೈಟ್ರಿಕ್ ಆಮ್ಲ ಮತ್ತು ಮದ್ಯಸಾರ ಬೆರೆಸಿ ಇಟ್ಟ ಕಲ್ಲುಸಕ್ಕರೆಯ ಪಾಕ ಇನ್ನೊಂದು. ಇವೆರಡೂ ದರ್ಪಣದ ಮೇಲೆ ಸೇರಿದೊಡನೆ ನೀರು ಕಂದಾಗಿ, ಕಪ್ಪಾಗಿ, ಕೆಸರಿನಂತೆ ಕದಡಿ, ಕೆಲವು ನಿಮಿಷಗಳಲ್ಲಿ ಆ ಕೆಸರಿನ ಅಡಿಯಲ್ಲಿ ಬೆಳ್ಳಿಯು ಗಾಜನ್ನು ಹಿಡಿದುಕೊಳ್ಳುತ್ತಿತ್ತು. ಉಳಿದ ದ್ರಾವಣವನ್ನು ಅಲ್ಲಿಯೇ ಬಿಟ್ಟರೆ ಅದರಿಂದ ಸಿಡಿಯುವ ವಸ್ತುವೊಂದು ಹುಟ್ಟುತ್ತಿದ್ದುದರಿಂದ, ಕೆಲಸ ಮುಗಿದ ಕೂಡಲೇ ಪಾತ್ರೆಗಳನ್ನು ತೊಳೆದುಬಿಡಬೇಕೆಂಬುದು ಶಿಷ್ಯನಿಗೆ ಗುರುವು ಹೇಳುತ್ತಿದ್ದ ಮೊದಲನೆಯ ಪಾಠ. ಕಲ್ಲಿದ್ದಲಿನ ಹೊಗೆಯ ಗಂಧಕವು ಬೆಳ್ಳಿಯ ಶತ್ರು. ಹೀಗಾಗಿ ಪಟ್ಟಣದ ವಾಸಿಯಾದ ದರ್ಪಣಕ್ಕೆ ಬೆಟ್ಟದ ದರ್ಪಣಕ್ಕಿಂತ ಬೇಗ ಬೇಗ ಈ ಸಂಸ್ಕಾರವು ಬೇಕಾಗುತ್ತಿತ್ತು. ಆಕಾಶವನ್ನು ಚಿತ್ರಿಸಹೊರಟವನು ರಾತ್ರಿ ಖಗೋಳಜ್ಞನಾಗಿದ್ದರೆ ಹಗಲು ಅಗಸನೂ ಅಕ್ಕಸಾಲಿಗನೂ ಆಗಿರಬೇಕಾಗಿತ್ತು.

ಛಾಯಾಗ್ರಹಣದ ಕಡೆಯ ಕಥೆಯನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. 1850ರ ಜುಲೈ ತಿಂಗಳಲ್ಲಿ ಹಾರ್ವರ್ಡಿನ 15 ಅಂಗುಲದ ದೂರದರ್ಶಕದಿಂದ ಅಭಿಜಿತ್ ನಕ್ಷತ್ರದ ಬಿಂಬವನ್ನು ಬೆಳ್ಳಿಯ ಫಲಕದ ಮೇಲೆ ಹಿಡಿದರು. ಆಮೇಲೆ ಬಂದ ಕೊಲೋಡಿಯನ್ ಫಲಕವು ಒದ್ದೆಯಾಗಿರುವಷ್ಟು ಹೊತ್ತು ಮಾತ್ರ ಬೆಳಕನ್ನು ಗ್ರಹಿಸುತ್ತಿದ್ದುದರಿಂದ ಸೂರ್ಯಚಂದ್ರರಿಗೆ ಸಾಕಾಗುತ್ತಿತ್ತೇ ಹೊರತು ಮಂದವಾದ ನೀಹಾರಿಕೆಗಳಿಗಲ್ಲ. 1871ರಲ್ಲಿ ಮ್ಯಾಡಕ್ಸ್ ಎಂಬ ವೈದ್ಯನು ಸೂಚಿಸಿದ ಜೆಲಾಟಿನ್ನಿನ ಒಣ ಫಲಕವು ಬಳಕೆಗೆ ಬಂದ ಮೇಲೆ, 1880ರ ಸೆಪ್ಟೆಂಬರ್ 30ರ ರಾತ್ರಿ ನ್ಯೂಯಾರ್ಕಿನ ಹೆನ್ರಿ ಡ್ರೇಪರನು ಮಹಾವ್ಯಾಧದ ನೀಹಾರಿಕೆಗೆ ಸುಮಾರು 50 ನಿಮಿಷ ಫಲಕವನ್ನು ಒಡ್ಡಿ ಅದರ ಮೊದಲ ಛಾಯಾಚಿತ್ರವನ್ನು ಪಡೆದನು. ಕಣ್ಣು ಎಷ್ಟು ಹೊತ್ತು ನೋಡಿದರೂ ಮೊದಲ ಕ್ಷಣ ಕಂಡುದಕ್ಕಿಂತ ಹೆಚ್ಚನ್ನು ಕಾಣಲಾರದು. ಫಲಕವಾದರೋ ಹನಿಹನಿಯಾಗಿ ಬಿದ್ದ ಬೆಳಕನ್ನು ಕೂಡಿಡಬಲ್ಲುದು. ಆದರೆ ಕೂಡಿಡುವಷ್ಟು ಹೊತ್ತೂ ದೂರದರ್ಶಕವು ನಕ್ಷತ್ರದ ಬೆನ್ನು ಬಿಡದೆ ಸಾಗಬೇಕು. ಅಂದಿನಿಂದ ದರ್ಪಣದಷ್ಟೇ ಮುಖ್ಯವಾದುವು ಅದನ್ನು ಹೊತ್ತ ಪೀಠ, ಧ್ರುವಾಕ್ಷ ಮತ್ತು ಅದನ್ನು ತಿರುಗಿಸುವ ಗಡಿಯಾರಯಂತ್ರ.

ಇಲ್ಲಿಗೆ ನಮ್ಮ ಕಥಾನಾಯಕನು ಪ್ರವೇಶಿಸುತ್ತಾನೆ; ಅವನು ಮನುಷ್ಯನಲ್ಲ, 36 ಅಂಗುಲ ವ್ಯಾಸದ ಒಂದು ದೂರದರ್ಶಕ. ಲಂಡನ್ನಿನ ಹೊರವಲಯದ ಈಲಿಂಗಿನಲ್ಲಿದ್ದ ಆಂಡ್ರೂ ಐನ್ಸ್‌ಲಿ ಕಾಮನ್ ಎಂಬುವನು ವೃತ್ತಿಯಿಂದ ಚರಂಡಿ, ನೀರುಕೊಳವೆಗಳ ಇಂಜಿನಿಯರು. ಮನೆಯ ತೋಟದಲ್ಲಿ ದೂರದರ್ಶಕವನ್ನಿಟ್ಟುಕೊಂಡು ಆಕಾಶವನ್ನು ನೋಡುವುದು ಅವನ ವ್ಯಸನ. ಮೊದಲು 18 ಅಂಗುಲದ ದರ್ಪಣವನ್ನು ಕೊಂಡನು. ಅದು ಸಾಲದೆಂದು ಜಾರ್ಜ್ ಕ್ಯಾಲ್ವರನಿಂದ 36 ಅಂಗುಲದ ದರ್ಪಣವನ್ನು ಮಾಡಿಸಿ, ಪೀಠವನ್ನು ತಾನೇ ಯೋಚಿಸಿ ಕಟ್ಟಿ, ಭಾರದ ಒಂದಂಶವನ್ನು ಪಾದರಸದ ಮೇಲೆ ತೇಲಿಸಿ ಅಕ್ಷದ ಘರ್ಷಣೆಯನ್ನು ಕಡಿಮೆ ಮಾಡಿ, 1879ರಲ್ಲಿ ಅದನ್ನು ಸ್ಥಾಪಿಸಿದನು. ಗಡಿಯಾರಯಂತ್ರವು ಎಷ್ಟೇ ಚೆನ್ನಾಗಿದ್ದರೂ ನಕ್ಷತ್ರವು ತುಸು ತುಸುವಾಗಿ ಜಾರುವುದನ್ನು ಕಂಡು, ಇಡೀ ಯಂತ್ರವನ್ನು ಅಲುಗಿಸುವ ಬದಲು ಫಲಕವನ್ನು ಮಾತ್ರ ಎರಡು ತಿರುಪುಗಳಿಂದ ಅತ್ತಿತ್ತ ಸರಿಸುವ ಚೌಕಟ್ಟನ್ನು ಅಳವಡಿಸಿದನು. 1883ರ ಜನವರಿ 30ರಂದು 37 ನಿಮಿಷಗಳ ಕಾಲ ಫಲಕವನ್ನೊಡ್ಡಿ ಅವನು ತೆಗೆದ ಮಹಾವ್ಯಾಧ ನೀಹಾರಿಕೆಯ ಚಿತ್ರದಲ್ಲಿ, ಅದೇ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದವರಿಗೂ ಕಾಣದಿದ್ದ ತಾರೆಗಳು ಮೂಡಿದುವು. ಮರುವರ್ಷ ರಾಯಲ್ ಖಗೋಳ ಸಂಘದ ಸುವರ್ಣಪದಕವು ಅವನಿಗೆ ಸಂದಿತು.

ಪದಕ ಬಂದ ಮರುವರ್ಷವೇ, ಎಂದರೆ 1885ರಲ್ಲಿ, ಕಾಮನ್ ಆ ದೂರದರ್ಶಕವನ್ನು ಮಾರಿಬಿಟ್ಟನು. ಅದರಲ್ಲಿ ದೋಷವೇನಿರಲಿಲ್ಲ, 36 ಅಂಗುಲದಿಂದ ಇಷ್ಟಾದರೆ 60 ಅಂಗುಲದಿಂದ ಎಷ್ಟಾದೀತು ಎಂಬ ಎಣಿಕೆಯೇ ಅದಕ್ಕೆ ಕಾರಣ. ಗಣಿತವು ಅವನ ಪಕ್ಷದಲ್ಲಿಯೇ ಇದ್ದಿತು: 60 ಅಂಗುಲದ ದರ್ಪಣವು ಎರಡೂಮುಕ್ಕಾಲು ಪಟ್ಟು ಹೆಚ್ಚು ಬೆಳಕನ್ನು ಹಿಡಿಯತಕ್ಕದ್ದು. ಅವನು ತಾನೇ ಗಾಜನ್ನು ಅರೆದನು, ತಾನೇ ಮೆರುಗಿಟ್ಟನು, ನಕ್ಷತ್ರಗಳ ಬಿಂಬವು ದುಂಡಗೆ ಬಾರದೆ ಉದ್ದುದ್ದವಾಗಿ ಬಂದುದರಿಂದ ಎರಡನೆಯ ದರ್ಪಣವೊಂದನ್ನೂ ತಯಾರಿಸಿದನು, ವರ್ಷಗಳು ಕಳೆದುವು, ಆ ಮಹಾಯಂತ್ರದಿಂದ ಅದರ ಗಾತ್ರಕ್ಕೆ ತಕ್ಕ ಕಾರ್ಯವು ಆಗಲೇ ಇಲ್ಲ. ಕೊನೆಗೆ ಕಾಮನ್ ಆಕಾಶದಿಂದ ದೃಷ್ಟಿಯನ್ನು ತೆಗೆದು, ಫಿರಂಗಿ ಬಂದೂಕುಗಳಿಗೆ ಗುರಿಹಿಡಿಯುವ ದುರ್ಬೀನುಗಳನ್ನು ರೂಪಿಸುವುದರಲ್ಲಿ ತೊಡಗಿ, 1903ರಲ್ಲಿ ತೀರಿಕೊಂಡನು. ಅವನನ್ನು ದುರಾಸೆಯವನೆಂದು ಜರೆಯುವುದು ಸುಲಭ, ಆದರೆ ನ್ಯಾಯವಲ್ಲ. 18ರಿಂದ 36ಕ್ಕೆ ಏರುವಾಗ ಅವನನ್ನು ಕೈಹಿಡಿದ ಆಸೆಯೇ 36ರಿಂದ 60ಕ್ಕೆ ಏರುವಾಗ ಕೈಬಿಟ್ಟಿತು. ಯಾವ ಮೆಟ್ಟಿಲಿನಲ್ಲಿ ನಿಲ್ಲಬೇಕೆಂಬುದು ಏರಿದ ಮೇಲಲ್ಲದೆ ತಿಳಿಯುವಂತಿಲ್ಲ.

ಮಾರಾಟವಾದ ದೂರದರ್ಶಕವು ಹ್ಯಾಲಿಫ್ಯಾಕ್ಸ್ ಪಟ್ಟಣದ ರತ್ನಗಂಬಳಿಯ ಕಾರ್ಖಾನೆಗಳ ಒಡೆಯನಾದ ಎಡ್ವರ್ಡ್ ಕ್ರಾಸ್‌ಲಿಯ ಮನೆಗೆ ಹೋಯಿತು. ಅವನು ಧನಿಕ, ಉದಾರಿ, ಪಾರ್ಲಿಮೆಂಟಿನ ಸದಸ್ಯ. ಒಳ್ಳೆಯ ಗುಮ್ಮಟವನ್ನು ಕಟ್ಟಿಸಿದನು. ಆದರೆ ಹ್ಯಾಲಿಫ್ಯಾಕ್ಸಿನ ಆಕಾಶವು ಮೋಡದ್ದು, ಹೊಗೆಯದು. ಬೆಳ್ಳಿಯ ಪೊರೆಯನ್ನು ಮಂಕಾಗಿಸಿದ ಆ ಹೊಗೆಯಲ್ಲಿ ಒಂದು ಪಾಲು ಅವನ ಮನೆತನದ ಕಾರ್ಖಾನೆಗಳದೇ ಆಗಿದ್ದಿರಬೇಕೆಂದು ಊಹಿಸಿದರೆ ತಪ್ಪಾಗಲಾರದು! ಹತ್ತು ವರ್ಷ ಇಟ್ಟುಕೊಂಡು, 1895ರಲ್ಲಿ ಕ್ರಾಸ್‌ಲಿಯು ಅದನ್ನು ಗುಮ್ಮಟಸಹಿತವಾಗಿ ಕ್ಯಾಲಿಫೋರ್ನಿಯದ ಹ್ಯಾಮಿಲ್ಟನ್ ಪರ್ವತದ ಮೇಲಿರುವ ಲಿಕ್ ವೀಕ್ಷಣಾಲಯಕ್ಕೆ ದಾನಮಾಡಿದನು.

ಲಿಕ್ ವೀಕ್ಷಣಾಲಯದಲ್ಲಿ ಆ ದಾನವನ್ನು ಪೂರ್ಣಕುಂಭದೊಡನೆ ಸ್ವಾಗತಿಸಿದರೆಂದು ಭಾವಿಸಬಾರದು. ಅಲ್ಲಿ ಆಗಲೇ 1888ರಿಂದ 36 ಅಂಗುಲದ್ದೇ ಆದ ಮಸೂರದ ಮಹಾ ದೂರದರ್ಶಕವು ಇದ್ದಿತು. ಲೋಕಪ್ರಸಿದ್ಧವಾದ ಅದರ ಮುಂದೆ, ಯಾರೋ ಹವ್ಯಾಸಿಯು ಬಳಸಿ ಬಿಟ್ಟ, ಪೀಠ ಅಲುಗುವ, ಹದಿನಾರು ವರ್ಷದ ಹಳೆಯ ಕನ್ನಡಿಯನ್ನು ಯಾರು ಆದರಿಸಿಯಾರು? ನಿರ್ದೇಶಕನಾಗಿದ್ದ ಹೋಲ್ಡನನು ಅದರ ಹೊಣೆಯನ್ನು ಹಸ್ಸಿ ಎಂಬ ಖಗೋಳಜ್ಞನಿಗೆ ವಹಿಸಿದನು, ಹಸ್ಸಿಯು ಒಲ್ಲೆನೆಂದನು, ಮೊದಲೇ ಹೊಗೆಯಾಡುತ್ತಿದ್ದ ಮನಸ್ತಾಪಗಳಿಗೆ ಇದೂ ಒಂದು ಸೌದೆಯಾಗಿ, 1897ರಲ್ಲಿ ಹೋಲ್ಡನನೇ ಹುದ್ದೆಯನ್ನು ಬಿಟ್ಟುಹೋಗಬೇಕಾಯಿತು. ಅವನ ಸ್ಥಾನಕ್ಕೆ 1898ರಲ್ಲಿ ಬಂದವನು ಜೇಮ್ಸ್ ಕೀಲರ್. ಶನಿಯ ಉಂಗುರಗಳು ಘನವಾದ ತಟ್ಟೆಯಲ್ಲ, ಬಿಡಿಬಿಡಿಯಾದ ಕಣಗಳ ಸಮೂಹವೆಂಬುದನ್ನು 1895ರಲ್ಲಿ ರೋಹಿತದ ಮೂಲಕ ತೋರಿಸಿ ಅವನು ಅಷ್ಟರಲ್ಲೇ ಹೆಸರಾಗಿದ್ದನು. ನಿರ್ದೇಶಕನಾದವನು ಮಹಾ ದೂರದರ್ಶಕವನ್ನು ತನಗೆಂದು ಇಟ್ಟುಕೊಳ್ಳಬಹುದಾಗಿತ್ತು. ಅದನ್ನು ಸಹೋದ್ಯೋಗಿಗಳಿಗೆ ಬಿಟ್ಟು, ಯಾರಿಗೂ ಬೇಡವಾದ ಕ್ರಾಸ್‌ಲಿ ದೂರದರ್ಶಕವನ್ನು ಅವನು ತನ್ನ ಪಾಲಿಗೆ ತೆಗೆದುಕೊಂಡನು.

ಇದು ಕೇವಲ ಸೌಜನ್ಯವಾಗಿರಲಿಲ್ಲ. ಅದರ ಹಿಂದೆ ಶಾಸ್ತ್ರೀಯವಾದ ಲೆಕ್ಕವಿದ್ದಿತು. ಮಹಾ ದೂರದರ್ಶಕದ ಮಸೂರವನ್ನು ಕಣ್ಣಿಗೆ ಹೊಂದುವ ಬಣ್ಣಗಳಿಗಾಗಿ ತಿದ್ದಲಾಗಿತ್ತು. ಅಂದಿನ ಫಲಕಗಳು ಬಯಸುತ್ತಿದ್ದುದಾದರೋ ನೀಲಿಯ ಬೆಳಕನ್ನು. ದರ್ಪಣವಾದರೆ ಎಲ್ಲ ಬಣ್ಣಗಳನ್ನೂ ಭೇದವಿಲ್ಲದೆ ಒಂದೇ ಬಿಂದುವಿಗೆ ತರುತ್ತದೆ. ಮೇಲಾಗಿ ಆ ಮಸೂರದ ನಾಭಿದೂರವು 57 ಅಡಿಗೂ ಮಿಕ್ಕಿದ್ದರೆ ಕ್ರಾಸ್‌ಲಿಯದು ಹದಿನೇಳೂವರೆ ಅಡಿ. ನೀಹಾರಿಕೆಯಂಥ ಹರಡಿದ ವಸ್ತುವಿನ ಬೆಳಕನ್ನು ಉದ್ದವಾದ ನಾಭಿಯು ದೊಡ್ಡ ಬಿಂಬವಾಗಿ ಚೆಲ್ಲಿ ತೆಳ್ಳಗಾಗಿಸುತ್ತದೆ. ಚಿಕ್ಕ ನಾಭಿಯು ಒತ್ತೊತ್ತಾಗಿ ಕೂಡಿಸಿ ಫಲಕಕ್ಕೆ ಉಣಿಸುತ್ತದೆ. ಎಂದರೆ, ಎಲ್ಲರೂ ಹೊರೆಯೆಂದು ಬಗೆದ ಹಳೆಯ ಯಂತ್ರದ ಹೃದಯವು ಆರೋಗ್ಯವಾಗಿಯೇ ಇದ್ದಿತು, ರೋಗವಿದ್ದುದು ಕೈಕಾಲುಗಳಲ್ಲಿ.

ಕೀಲರನು ಮಾಡಿದ ಚಿಕಿತ್ಸೆಯೂ ಕೈಕಾಲುಗಳಿಗೇ. ಧ್ರುವಾಕ್ಷವು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕಾದುದರಿಂದ ಅದರ ಓರೆಯು ಊರಿನ ಅಕ್ಷಾಂಶವನ್ನು ಅನುಸರಿಸುತ್ತದೆ. ಈಲಿಂಗಿನ ಐವತ್ತೊಂದೂವರೆ ಡಿಗ್ರಿಗೆಂದು ಕಟ್ಟಿದ ಪೀಠವು ಮೂವತ್ತೇಳು ಚಿಲ್ಲರೆ ಡಿಗ್ರಿಯ ಹ್ಯಾಮಿಲ್ಟನ್ ಪರ್ವತಕ್ಕೆ ಸಹಜವಾಗಿ ಒಗ್ಗುವಂತಿರಲಿಲ್ಲ. ಕೀಲರನು ಆಧಾರಸ್ತಂಭವನ್ನು ಕೊಯ್ಯಿಸಿ ತಗ್ಗಿಸಿದನು, ಬೆಟ್ಟದ ಗಾಳಿಯು ಕೊಳವೆಯನ್ನು ನಡುಗಿಸದಂತೆ ಗುಮ್ಮಟದ ಬಾಯಿಗೆ ಮರೆಯನ್ನು ಕಟ್ಟಿಸಿದನು, ಗಡಿಯಾರಯಂತ್ರವನ್ನು ತಿದ್ದಿಸಿದನು. ಕಾಮನ್ ಯೋಚಿಸಿದ ಆ ಜಾರುವ ಚೌಕಟ್ಟನ್ನು ಮಾತ್ರ ಬಿಡದೆ ಉಳಿಸಿಕೊಂಡು ಬಳಸಿದನು. ಫಲಕದ ಅಂಚಿನಲ್ಲಿ ಒಂದು ನಕ್ಷತ್ರವನ್ನು ಆರಿಸಿಕೊಂಡು, ಅದು ಜೇಡರಬಲೆಯ ಎಳೆಗಳ ಕೂಡುಗೆರೆಯಿಂದ ಒಂದಿಷ್ಟು ಕದಲಿದೊಡನೆ ಬೆರಳುಗಳಿಂದ ತಿರುಪನ್ನು ತಿರುಗಿಸುತ್ತ, ಕೊಳವೆಯ ತುದಿಯ ಕತ್ತಲಲ್ಲಿ, ಚಳಿಯಲ್ಲಿ, ಒಮ್ಮೊಮ್ಮೆ ನಾಲ್ಕು ಗಂಟೆಗಳವರೆಗೆ ಅವನು ನಿಲ್ಲುತ್ತಿದ್ದನು. (ಇಂದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಬೆಚ್ಚಗೆ ಕುಳಿತು ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುವ ನಮ್ಮವರು ಆ ನಾಲ್ಕು ಗಂಟೆಗಳನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಒಳ್ಳೆಯದು.)

ಫಲವು ಎರಡೇ ವರ್ಷಗಳಲ್ಲಿ ಕೈಸೇರಿತು. ಕೀಲರನು ಯಾವ ನೀಹಾರಿಕೆಯ ಕಡೆಗೆ ಯಂತ್ರವನ್ನು ತಿರುಗಿಸಿದರೂ ಅದರ ಹಿನ್ನೆಲೆಯಲ್ಲಿ, ಯಾವ ಪಟ್ಟಿಯಲ್ಲಿಯೂ ಇಲ್ಲದ, ಚಿಕ್ಕ ಚಿಕ್ಕ ನೀಹಾರಿಕೆಗಳು ಫಲಕದ ಮೇಲೆ ಮೂಡುತ್ತಿದ್ದುವು. ಅವುಗಳಲ್ಲಿ ಬಹುಪಾಲು ಸುರುಳಿಯಾಕಾರದವು. 1888ರಲ್ಲಿ ಡ್ರೈಯರನು ಸಂಪಾದಿಸಿದ ಪ್ರಸಿದ್ಧವಾದ ಪಟ್ಟಿಯಲ್ಲಿ ಇದ್ದ ವಸ್ತುಗಳು ತಾರಾಗುಚ್ಛಗಳೂ ಸೇರಿ 7,840. ಕೀಲರನಾದರೋ, ಈ ಒಂದು ದೂರದರ್ಶಕಕ್ಕೆ ಎಟುಕುವ ನೀಹಾರಿಕೆಗಳೇ 1,20,000ದಷ್ಟು ಇರಬಹುದೆಂದು ಅಂದಾಜು ಮಾಡಿದನು. ಸುರುಳಿಯೆಂಬುದು ಆಕಾಶದ ಅಪವಾದವಲ್ಲ, ಅದೇ ಅಲ್ಲಿನ ಸಾಮಾನ್ಯ ರೂಪ ಎಂಬ ಅರಿವು ಹೀಗೆ, ಇಬ್ಬರು ಒಡೆಯರು ಕೈಬಿಟ್ಟ ಯಂತ್ರದಿಂದ ಹುಟ್ಟಿತು. ಅದರ ಮುಂದಿನ ಅರ್ಥವನ್ನು ಕಾಣುವ ಭಾಗ್ಯವು ಕೀಲರನಿಗಿರಲಿಲ್ಲ. 1900ರ ಆಗಸ್ಟ್ 12ರಂದು, ಇನ್ನೂ 42ರ ಪ್ರಾಯದಲ್ಲಿಯೇ, ಅವನು ಮಡಿದನು.

ಅವನ ಬಳಿಕ ಕ್ರಾಸ್‌ಲಿಯನ್ನು ವಹಿಸಿಕೊಂಡ ಪೆರೈನನು ಪೀಠವನ್ನೇ ಸಂಪೂರ್ಣವಾಗಿ ಹೊಸದಾಗಿ ಕಟ್ಟಿಸಿದನು. 1904ರ ಡಿಸೆಂಬರಿನಲ್ಲಿಯೂ 1905ರ ಜನವರಿಯಲ್ಲಿಯೂ ಗುರುಗ್ರಹದ ಆರನೆಯ ಮತ್ತು ಏಳನೆಯ ಉಪಗ್ರಹಗಳು ಅವನ ಫಲಕಗಳಲ್ಲಿ ಸಿಕ್ಕಿಬಿದ್ದುವು. ಅನಂತರ ಕರ್ಟಿಸನು ಅದರಲ್ಲಿಯೇ ಸುರುಳಿ ನೀಹಾರಿಕೆಗಳನ್ನು ವರ್ಷಗಟ್ಟಲೆ ಚಿತ್ರಿಸಿ, ಅವು ನಮ್ಮ ಆಕಾಶಗಂಗೆಯ ಹೊರಗಿನ ಬೇರೆ ಬೇರೆ ತಾರಾಲೋಕಗಳೆಂಬ ಪಕ್ಷವನ್ನು 1920ರಲ್ಲಿ ಶೇಪ್ಲಿಯೊಡನೆ ನಡೆದ ಪ್ರಸಿದ್ಧ ವಾದದಲ್ಲಿ ಹಿಡಿದನು. ಮುಂದೆ ಹಬ್ಬಲನ ಶೋಧವು ಅವನ ಮಾತನ್ನೇ ಎತ್ತಿಹಿಡಿಯಿತು. ಕಲ್ಲುಸಕ್ಕರೆಯ ಪಾಕದ ಬೆಳ್ಳಿಯ ಜಾಗಕ್ಕೆ 1930ರ ದಶಕದಲ್ಲಿ ನಿರ್ವಾತದೊಳಗೆ ಆವಿಯಾಗಿಸಿ ಕೂರಿಸುವ ಅಲ್ಯೂಮಿನಿಯಂ ಬಂದಿತು. ತನ್ನ ಮೇಲೆ ತಾನೇ ಆಕ್ಸೈಡಿನ ಕವಚವನ್ನು ಹೊದ್ದುಕೊಳ್ಳುವ ಈ ಲೋಹವು ದರ್ಪಣದ ದಾದಿಯರಿಗೆ ಎಷ್ಟೋ ಬಿಡುವನ್ನು ಕೊಟ್ಟಿತು. ಮೇಯಲನು ರೋಹಿತಲೇಖಿಯನ್ನು ಜೋಡಿಸಿ ದೂರದ ನೀಹಾರಿಕೆಗಳ ವೇಗವನ್ನು ಅಳೆದನು. ಪೀಠ, ಗಡಿಯಾರ, ಕಲಾಯಿ, ಫಲಕ ಇವೆಲ್ಲವೂ ಬದಲಾಗುತ್ತ ಬಂದರೂ ಯಂತ್ರವು 2010ರವರೆಗೆ, ಎಂದರೆ ಕಾಮನ್ ಅದನ್ನು ಸ್ಥಾಪಿಸಿ 131 ವರ್ಷಗಳವರೆಗೆ, ಆಕಾಶದ ಕೆಲಸದಲ್ಲಿದ್ದಿತು. ಆಗ ಅದು ಅನ್ಯ ನಕ್ಷತ್ರಗಳ ಗ್ರಹಗಳನ್ನು ಹುಡುಕುತ್ತಿತ್ತು. ಅದನ್ನು ನಿಲ್ಲಿಸಿದುದು ದರ್ಪಣದ ದೌರ್ಬಲ್ಯವಲ್ಲ, ಹಣದ ಕೊರತೆ. ಖಂಡಸ್ಫುಟಿತಕ್ಕೆಂದು ಗದ್ದೆಯನ್ನು ಬಿಡುತ್ತಿದ್ದ ನಮ್ಮ ದಂಡನಾಯಕರು ಇಲ್ಲಿ ಮತ್ತೆ ನೆನಪಾಗುತ್ತಾರೆ.

ಲಿಕ್ ವೀಕ್ಷಣಾಲಯವನ್ನು ಬಿಡುವ ಮುನ್ನ ಬರ್ನಾರ್ಡ್ ಎಂಬ ಖಗೋಳಜ್ಞನ ವಿಷಯವಾದ ಒಂದು ಮಾತನ್ನು ಸೇರಿಸದಿರಲಾರೆ. 1889ರಿಂದ ಅವನು ಅಲ್ಲಿ ಆಕಾಶಗಂಗೆಯ ಅದ್ಭುತವಾದ ಚಿತ್ರಗಳನ್ನು ತೆಗೆದುದು ಆ ಮಹಾ ದೂರದರ್ಶಕದಿಂದಲ್ಲ, ಆರು ಅಂಗುಲದ, ಹಳೆಯ ಕಾಲದ ಫೋಟೋ ಸ್ಟುಡಿಯೋಗಳಲ್ಲಿ ಗೃಹಸ್ಥರನ್ನು ಕುರ್ಚಿಯಲ್ಲಿ ಕೂರಿಸಿ ಭಾವಚಿತ್ರ ತೆಗೆಯುತ್ತಿದ್ದ ಬಗೆಯ ಮಸೂರವೊಂದರಿಂದ. ಅದೂ ಒಬ್ಬರು ಬಳಸಿ ಬಿಟ್ಟುದೇ. ಅದರ ವಕ್ರತೆಯನ್ನು ಮತ್ತೆ ತಿದ್ದಿಕೊಟ್ಟವನು, ಕಲ್ಲುಸಕ್ಕರೆಯ ಪಾಕದ ಅದೇ ಬ್ರಷಿಯರ್.

ಕೀಲರನು ಕ್ರಾಸ್‌ಲಿಯ ಬಳಿ ಬಂದ 1898ರಲ್ಲಿಯೇ, ಅಯರ್ಲೆಂಡಿನ ಡಬ್ಲಿನ್ನಿನಲ್ಲಿದ್ದ ಗ್ರಬ್ಬನ ಕಾರ್ಖಾನೆಯು ಭಾರತಕ್ಕೆ ಸೇರಿದ ಇನ್ನೊಂದು ಮುದಿ ದೂರದರ್ಶಕವನ್ನು ರಿಪೇರಿ ಮಾಡಿತು. ಪ್ಯಾರಿಸಿನ ಲೆರೆಬೂರ್ ಮತ್ತು ಸೆಕ್ರೆತಾಂ ಎಂಬ ಉಪಕರಣ ತಯಾರಕರು ಮಾಡಿದ, ಮದರಾಸಿನ ವೇಧಶಾಲೆಯವರು 1850ರಲ್ಲಿ ಕೊಂಡ, 15 ಸೆಂಟಿಮೀಟರ್ ಮಸೂರದ ಆ ಯಂತ್ರವನ್ನು ಸೂರ್ಯನ ಛಾಯಾಚಿತ್ರಕ್ಕೆ ತಕ್ಕಂತೆ ಮಾರ್ಪಡಿಸಿಕೊಟ್ಟುದು ಆಗಲೇ. ಈಸ್ಟ್ ಇಂಡಿಯಾ ಕಂಪನಿಯವರು 1792ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ್ದ ಆ ವೇಧಶಾಲೆಯ ಕಾರ್ಯವು 1899ರ ಏಪ್ರಿಲಿನಲ್ಲಿ ಪಳನಿ ಬೆಟ್ಟಗಳ ಮೇಲಿನ ಕೋಡೈಕನಾಲಿಗೆ ವರ್ಗವಾಯಿತು. ಸ್ಥಳವನ್ನು ಆರಿಸಿ, ಕಟ್ಟಿ, ಮೊದಲ ನಿರ್ದೇಶಕನಾದವನು ಮಿಚಿ ಸ್ಮಿತ್. 1907ರಲ್ಲಿ ಬಂದು ಅವನ ಬಳಿಕ ನಿರ್ದೇಶಕನಾದವನು ಜಾನ್ ಎವರ್‌ಶೆಡ್. ಸೂರ್ಯಕಲೆಗಳೊಳಗೆ ಅನಿಲವು ಹೊರಮುಖವಾಗಿ ಹರಿಯುವುದನ್ನು 1909ರಲ್ಲಿ ಅಲ್ಲಿಯೇ ಕಂಡುಹಿಡಿದುದರಿಂದ ಆ ಪ್ರವಾಹಕ್ಕೆ ಇಂದಿಗೂ ಅವನ ಹೆಸರೇ ಇದೆ. ಸೂರ್ಯನನ್ನು ಕ್ಯಾಲ್ಸಿಯಮ್ಮಿನ ಒಂದೇ ಒಂದು ಬಣ್ಣದಲ್ಲಿ ಚಿತ್ರಿಸುವ, ಕೇಂಬ್ರಿಜ್ಜಿನಲ್ಲಿ ಮಾಡಿದ ಸ್ಪೆಕ್ಟ್ರೋಹೀಲಿಯೋಗ್ರಾಫ್ 1904ರಲ್ಲಿ ಬಂದಿತ್ತು. ಹೈಡ್ರೋಜನ್ನಿನ ಕೆಂಪು ಬಣ್ಣದಲ್ಲಿಯೂ ಚಿತ್ರಗಳು ಬೇಕೆನಿಸಿದಾಗ ಎವರ್‌ಶೆಡ್ ಹಳೆಯದನ್ನು ತೆಗೆದುಹಾಕಲಿಲ್ಲ. ಎರಡನೆಯದೊಂದನ್ನು ಅಲ್ಲಿಯೇ ತಯಾರಿಸಿ, ಹಳೆಯದರ ಮಗ್ಗುಲಿಗೆ ಜೋಡಿಸಿದನು.

ಇಲ್ಲಿ ಉಪಕರಣರಕ್ಷಣೆಯು ಬೇರೊಂದು ಅರ್ಥವನ್ನು ಪಡೆಯುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ ಲಿಕ್ಕಿನ ಕಥೆಗಿಂತ ಆಳವಾದ ಅರ್ಥವನ್ನು. ಕ್ರಾಸ್‌ಲಿಯನ್ನು ಉಳಿಸಿಕೊಂಡುದು ಅದರಿಂದ ಹೊಸದನ್ನು ಕಾಣುವುದಕ್ಕಾಗಿ. ಕೋಡೈಕನಾಲಿನವರು ತಮ್ಮ ಯಂತ್ರವನ್ನು ಉಳಿಸಿಕೊಂಡುದು ನಿನ್ನೆ ಕಂಡಂತೆಯೇ ಇಂದೂ ಕಾಣುವುದಕ್ಕಾಗಿ. ಸೂರ್ಯನ ಕಲೆಗಳು ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಏರಿ ಇಳಿಯುತ್ತವೆ; ಒಬ್ಬ ವೀಕ್ಷಕನ ಉದ್ಯೋಗದ ಅವಧಿಯಲ್ಲಿ ಅಂಥ ಮೂರು ಆವರ್ತಗಳು ಕಂಡರೆ ಹೆಚ್ಚು. ಒಂದು ಆವರ್ತಕ್ಕೂ ಮತ್ತೊಂದಕ್ಕೂ ಇರುವ ಭೇದವು ಸೂರ್ಯನದೋ, ಅಥವಾ ನಡುವೆ ಬದಲಾದ ಮಸೂರದ್ದೋ ಎಂದು ತಿಳಿಯಬೇಕಾದರೆ, ಮಸೂರವು ಬದಲಾಗದಿರುವುದೇ ಸುಲಭವಾದ ದಾರಿ. 46 ಸೆಂಟಿಮೀಟರಿನ ಒಂದು ಚಲಿಸುವ ದರ್ಪಣವು ಸೂರ್ಯನನ್ನು ಹಿಂಬಾಲಿಸಿ, 30 ಸೆಂಟಿಮೀಟರಿನ ಮಸೂರಕ್ಕೆ ಬೆಳಕನ್ನು ಕಳುಹಿಸಿ, 6 ಸೆಂಟಿಮೀಟರಿನ ಬಿಂಬವನ್ನು ಫಲಕದ ಮೇಲೆ ಬರೆಯುವ ಆ ಏರ್ಪಾಡು ಒಂದು ಶತಮಾನದುದ್ದಕ್ಕೂ ಹಾಗೆಯೇ ನಡೆಯಿತು. ಅಷ್ಟರಲ್ಲಿ ಜಗತ್ತಿನಲ್ಲಿ ಅದಕ್ಕಿಂತ ಶ್ರೇಷ್ಠವಾದ ಸೌರಯಂತ್ರಗಳು ಹುಟ್ಟಿದುವು, ಕೆಲವು ಮುಪ್ಪಾಗಿ ಮೂಲೆಗೂ ಸೇರಿದುವು. ಆದರೆ ಸೂರ್ಯನ ಕಾಂತಕ್ಷೇತ್ರವನ್ನು ದಿನದಿನವೂ ಅಳೆಯುವ ಸಾಧನವೇ ಇಲ್ಲದಿದ್ದ ಕಾಲದಲ್ಲಿ ಆ ಕ್ಷೇತ್ರವು ಹೇಗಿದ್ದಿತೆಂದು ಇಂದು ಊಹಿಸಬೇಕಾದವರು, ಕ್ಯಾಲ್ಸಿಯಮ್ಮಿನ ಬೆಳಕಿನಲ್ಲಿ ಹೊಳೆಯುವ ಪ್ರದೇಶಗಳು ಕಾಂತಕ್ಷೇತ್ರವನ್ನು ಅನುಸರಿಸುತ್ತವೆಂಬ ಕಾರಣದಿಂದ, ಕೋಡೈಕನಾಲಿನ ಫಲಕಗಳ ಬಾಗಿಲಿಗೇ ಬರುತ್ತಾರೆ. ಆ ಯಂತ್ರವನ್ನು ಬದಲಿಸಲು ಹಿಂದೆ ಯಾರಾದರೂ ಉತ್ಸಾಹಶಾಲಿಯು ಹಣವನ್ನು ಮಂಜೂರು ಮಾಡಿಸಿಕೊಂಡಿದ್ದರೆ ವಿಜ್ಞಾನಕ್ಕೆ ನಷ್ಟವೇ ಆಗುತ್ತಿತ್ತು.

ಹೀಗೆಂದು ಬದಲಾವಣೆಯನ್ನು ತಡೆದು ನಿಲ್ಲಿಸಬಹುದೆಂದಲ್ಲ. ಯಂತ್ರವನ್ನು ಕಾಪಾಡುವುದು ನಮ್ಮ ಕೈಯಲ್ಲಿದೆ. ಯಂತ್ರವು ಉಣ್ಣುವ ಆಹಾರವು ಪರರ ಕೈಯಲ್ಲಿದೆ. ಖಗೋಳಕ್ಕೆಂದೇ ಮಾಡುತ್ತಿದ್ದ ಫಲಕಗಳನ್ನೂ ಫಿಲ್ಮುಗಳನ್ನೂ ತಯಾರಕರು ಒಂದೊಂದಾಗಿ ನಿಲ್ಲಿಸುತ್ತ ಬಂದುದರಿಂದ, ಸ್ಪೆಕ್ಟ್ರೋಹೀಲಿಯೋಗ್ರಾಫಿನ ಛಾಯಾಗ್ರಹಣವು 2007ರ ಸುಮಾರಿಗೆ ಮುಗಿಯಿತು. 2008ರಿಂದ ಹೊಸ ಅವಳಿ ದೂರದರ್ಶಕವು ಸಿಸಿಡಿ ಕ್ಯಾಮೆರಾದ ಮೂಲಕ ಆ ಕೆಲಸವನ್ನು ಮುಂದುವರಿಸಿತು. ಒಂದು ಬಗೆಯ ಬರೆಹದಿಂದ ಮತ್ತೊಂದು ಬಗೆಯ ಬರೆಹಕ್ಕೆ ದಾಟುವಾಗ ಸಾಲು ಮುರಿಯದಂತೆ ಹೊಲಿಯುವ ಕೆಲಸವೇ ಈಗ ಅಲ್ಲಿನವರ, ಮತ್ತು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯವರ, ನಿತ್ಯದ ಚಿಂತೆಯಾಗಿದೆ.

ಉಳಿದುದು ಫಲಕಗಳ ಮಾತು. ಮಲೆನಾಡಿನಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ಬೂಷ್ಟಿನ ಪರಿಚಯವಿದ್ದೇ ಇದೆ; ಆಷಾಢದಲ್ಲಿ ಬೀರುವಿನೊಳಗಿಟ್ಟ ಮಸೂರವು ದೀಪಾವಳಿಗೆ ತೆಗೆದಾಗ ಜೇಡ ನೇಯ್ದಂತೆ ಕಾಣುವುದನ್ನು ನಾನೂ ಅನುಭವಿಸಿದವನೇ. ಮಂಜು ಮುಸುಕಿದ ಬೆಟ್ಟದ ಮೇಲೆ, ತೇವವನ್ನು ಹೀರುವ ಸ್ವಭಾವದ ಜೆಲಾಟಿನ್ ಲೇಪವುಳ್ಳ ಗಾಜಿನ ಹಾಳೆಗಳನ್ನು ನೂರು ವರ್ಷ ಕಾಯುವುದು ದರ್ಪಣಕ್ಕೆ ಕಲಾಯಿ ಹಾಕುವುದಕ್ಕಿಂತ ಕಠಿಣವಾದ ವ್ರತ. ಅವುಗಳ ಬಿಂಬವನ್ನು ಅಂಕಿಗಳಾಗಿ ಮಾರ್ಪಡಿಸಿ ಗಣಕಯಂತ್ರಕ್ಕೆ ಸೇರಿಸುವ ಕಾರ್ಯವು ಮೊದಲನೆಯ ಸಲ ನಡೆದಾಗ, ಕಪ್ಪಿಗೂ ಬಿಳುಪಿಗೂ ನಡುವೆ 256 ಛಾಯೆಗಳನ್ನು ಮಾತ್ರ ಹಿಡಿಯುವ ಉಪಕರಣವು ಒದಗಿತ್ತು. ಅದು ಆ ಕಾಲಕ್ಕೆ ಹೊಸದಾಗಿತ್ತು. ಕೆಲವೇ ವರ್ಷಗಳಲ್ಲಿ ಹಳತಾಯಿತು, ಅದರ ಚಿತ್ರಗಳು ಸಾಲದಾದುವು. ಆಗ 65,536 ಛಾಯೆಗಳನ್ನು ಬೇರ್ಪಡಿಸಬಲ್ಲ ಮತ್ತೊಂದು ಕ್ಯಾಮೆರಾವನ್ನು ಹೊಂದಿಸಿ, ಎವರ್‌ಶೆಡ್ಡನ ಕಾಲದಿಂದ ಮೊದಲುಗೊಂಡು ಫಲಕಗಳನ್ನು ಒಂದೊಂದಾಗಿ ಮತ್ತೆ ಹೊರತೆಗೆದು, ಧೂಳೊರಸಿ, ದೀಪದ ಮುಂದೆ ಹಿಡಿದರು. ಎರಡನೆಯ ಸಲವೂ ತನ್ನಲ್ಲಿದ್ದ ಸೂರ್ಯನನ್ನು ಕೊಟ್ಟು ಫಲಕವು ತನ್ನ ಹೊದಿಕೆಯೊಳಗೆ ಸೇರಿತು.